ಅಗಲವಾದ ಕೊಳವೆ ಬಾವಿಯನ್ನು ನಿಲ್ಲಿಸಿದ್ದು ಹೇಗೆ?

ಇವತ್ತು ನಿಂತುಹೋದ ಒಂದು ಎಣ್ಣೆ ಬಾವಿಯ ಕಥೆ ಹೇಳ್ತೀನಿ. ಅದು ನಿಂತಿದ್ದು ನನ್ನ ಲೆಕ್ಕದಿಂದ.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಗುಜರಾತಿನಲ್ಲಿ ಒಂದು ಹಳೇ ಬಾವಿ, ಸುಮಾರು 2,000 ಮೀಟರ್ ಆಳ. ಟ್ಯೂಬಿಂಗ್, ಅಂದರೆ ಎಣ್ಣೆ ಮೇಲೆ ಬರುವ ಕೊಳವೆ, ತುಕ್ಕು ಹಿಡಿದಿತ್ತು. ಹೊಸದು ಯಾವ ಅಳತೆಯದು ಇರಬೇಕು ಅನ್ನೋ ಲೆಕ್ಕ ನನ್ನ ಪಾಲಿಗೆ ಬಂತು. ನಾನು ಅಗಲವಾದದ್ದನ್ನೇ ಆರಿಸಿದೆ. ಕೊಳವೆ ಅಗಲವಾದಷ್ಟೂ ಘರ್ಷಣೆ ಕಡಿಮೆ, ಎಣ್ಣೆ ಸಲೀಸಾಗಿ ಬರುತ್ತೆ ಅಲ್ವಾ? ನಮ್ಮನೆ ನಲ್ಲಿಗೆ ಈ ಮಾತು ಸರಿ. ಬಾವಿ 11 ದಿನ ಹರಿಯಿತು. ಆಮೇಲೆ ತಡೆದು ತಡೆದು ಕೆಮ್ಮುತ್ತಾ ಬಂದು, ಒಂದು ಬೆಳಗ್ಗೆ ನಿಂತೇಹೋಯ್ತು.

ತಪ್ಪು ಎಲ್ಲಿತ್ತು ಅಂತ ನೋಡೋಣ. ನಮ್ಮ ಬೋರ್‌ವೆಲ್‌ನಲ್ಲಿ ನೀರು ಎತ್ತೋಕೆ ಮೋಟಾರ್ ಇರುತ್ತೆ. ಎಷ್ಟೋ ಎಣ್ಣೆ ಬಾವಿಗಳಲ್ಲಿ ಅದಿಲ್ಲ. ಬಂಡೆಯೊಳಗಿನ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ತಳ್ಳಬೇಕು. 2,000 ಮೀಟರ್ ಕೊಳವೆಯಲ್ಲಿ ಬರೀ ಎಣ್ಣೆ ತುಂಬಿದ್ದರೆ ಅದರ ಭಾರವೇ ಸುಮಾರು 165 ಬಾರ್. ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ. ನಮ್ಮ ಬಂಡೆಯಲ್ಲಿ ಉಳಿದಿದ್ದು 110 ಮಾತ್ರ. ಹಾಗಾದರೆ ಎಣ್ಣೆ ಮೇಲೆ ಬರ್ತಾ ಇದ್ದದ್ದು ಹೇಗೆ? ಗ್ಯಾಸ್‌ನಿಂದ. ಗೋಲಿ ಸೋಡಾ ಒಡೆದಾಗ ಗುಳ್ಳೆ ಏಳುತ್ತಲ್ಲ, ಹಾಗೇ ಒತ್ತಡ ಇಳಿದಂತೆ ಎಣ್ಣೆಯಲ್ಲಿ ಕರಗಿದ್ದ ಗ್ಯಾಸ್ ಹೊರಬಂದು ಇಡೀ ಕಂಬವನ್ನು ಹಗುರ ಮಾಡುತ್ತೆ.

ಅಂದಮೇಲೆ ಇಂಥ ಬಾವಿಯಲ್ಲಿ ಒತ್ತಡದ ದೊಡ್ಡ ಪಾಲು ಖರ್ಚಾಗೋದು ಘರ್ಷಣೆಗಲ್ಲ, ಭಾರಕ್ಕೆ. ಭಾರ ತಿಳಿಯಬೇಕಾದರೆ ಒಂದೇ ಪ್ರಶ್ನೆ: ಯಾವುದೇ ಕ್ಷಣದಲ್ಲಿ ಕೊಳವೆಯೊಳಗೆ ದ್ರವ ಎಷ್ಟು ಪಾಲು ಇದೆ? ಇದಕ್ಕೆ ಹೋಲ್ಡಪ್ ಅಂತಾರೆ.

ನಾನು ಎಡವಿದ್ದು ಇಲ್ಲೇ. ಒಳಗೆ ಹೋಗುವ ಹರಿವಿನಲ್ಲಿ ದ್ರವ ಶೇ 30, ಗ್ಯಾಸ್ ಶೇ 70. ಕೊಳವೆಯೊಳಗೂ ಅಷ್ಟೇ ಇರುತ್ತೆ ಅಂದುಕೊಂಡೆ. ಒಂದು ರಸ್ತೆಯನ್ನು ನೆನೆಸಿಕೊಳ್ಳಿ. ಗಂಟೆಗೆ ಹತ್ತು ಜನ ನಡೆದು ಹೊರಡ್ತಾರೆ, ಹತ್ತು ಜನ ಸೈಕಲ್‌ನಲ್ಲಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ರಸ್ತೆ ತುಂಬ ನಡೆಯುವವರೇ! ನಿಧಾನದವರು ರಸ್ತೆಯಲ್ಲಿ ಹೆಚ್ಚು ಹೊತ್ತು ಉಳೀತಾರೆ. ಹಗುರವಾದ ಗ್ಯಾಸ್ ನುಸುಳಿಕೊಂಡು ಮುಂದೆ ಓಡುತ್ತೆ, ಎಣ್ಣೆ ಹಿಂದೆ ಉಳಿಯುತ್ತೆ. ನನ್ನ ಶೇ 30, ಕೊಳವೆಯಲ್ಲಿ ಶೇ 50 ಆಗಿತ್ತು. ತಳದಲ್ಲಿ 80 ಬಾರ್ ಸಾಕು ಅಂತ ನಾನು ಬರೆದಿದ್ದೆ; ತಂತಿ ಕಟ್ಟಿ ಗೇಜ್ ಇಳಿಸಿ ಅಳೆದಾಗ 105 ಇತ್ತು. ಬಂಡೆಯ 110ಕ್ಕೂ ಇದಕ್ಕೂ ವ್ಯತ್ಯಾಸ ಬರೀ 5. ಎಣ್ಣೆ ಒಸರೋದು ಕಮ್ಮಿಯಾಯ್ತು, ವೇಗ ಇಳೀತು, ವೇಗ ಇಳಿದಿದ್ದಕ್ಕೆ ಇನ್ನಷ್ಟು ದ್ರವ ಹಿಂದೆ ಉಳೀತು. ಬಾವಿ ತನ್ನ ಭಾರಕ್ಕೆ ತಾನೇ ಮುಳುಗಿತು. ಕಿರಿದಾದ ಕೊಳವೆ ಹಾಕಿದ್ದರೆ ಗ್ಯಾಸ್ ಜೋರಾಗಿ ಹೋಗಿ ಎಣ್ಣೆಯನ್ನು ಜೊತೆಗೇ ಎಳೆದೊಯ್ಯುತ್ತಿತ್ತು.

ಈ ಹೋಲ್ಡಪ್ ಮೊದಲೇ ಹೇಳೋದು ಸುಲಭವಲ್ಲ. ಯಾಕಂದ್ರೆ ಹರಿವಿನ ರೂಪವೇ ಬದಲಾಗ್ತಾ ಹೋಗುತ್ತೆ. ಕೆಳಗೆ ಸಣ್ಣ ಗುಳ್ಳೆ. ಮೇಲೆ ಬಂದಂತೆ ದೊಡ್ಡ ಗ್ಯಾಸ್ ಉಂಡೆ, ಮಧ್ಯೆ ಎಣ್ಣೆಯ ತುಂಡು. ಎಳನೀರು ಮುಗಿಯೋವಾಗ ಸ್ಟ್ರಾದಲ್ಲಿ ಗಾಳಿ, ನೀರು ಸರದಿಯಂತೆ ಬರ್ತಾವಲ್ಲ, ಹಾಗೆ. ಗ್ಯಾಸ್ ಇನ್ನೂ ಜಾಸ್ತಿಯಾದರೆ ನಡುವೆ ಗ್ಯಾಸ್ ಓಡುತ್ತೆ, ಗೋಡೆಗೆ ಎಣ್ಣೆ ಅಂಟಿಕೊಂಡು ಏರುತ್ತೆ. ಅದಕ್ಕೇ ಕೊಳವೆಯನ್ನು ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಒತ್ತಡ ಊಹಿಸಿ, ಲೆಕ್ಕ ಹಾಕಿ, ಊಹೆ ತಿದ್ದಿ, ಮುಂದಿನ ತುಂಡಿಗೆ ಹೋಗಬೇಕು.

ಸೂತ್ರಗಳು ಬಂದಿದ್ದು ಪ್ರಯೋಗದಿಂದ. ಹೇಗೆಡಾರ್ನ್ ಮತ್ತು ಬ್ರೌನ್ 1965ರಲ್ಲಿ ಪ್ರಕಟಿಸಿದ ಸೂತ್ರ 1,500 ಅಡಿಯ ಪ್ರಯೋಗದ ಬಾವಿಯಿಂದ ಬಂದದ್ದು. ಬೆಗ್ಸ್ ಮತ್ತು ಬ್ರಿಲ್ 90 ಅಡಿಯ ಪಾರದರ್ಶಕ ಕೊಳವೆಯಲ್ಲಿ ಗಾಳಿ, ನೀರು ಬಿಟ್ಟು, ಬೇರೆ ಬೇರೆ ಕೋನಕ್ಕೆ ಓರೆ ಮಾಡಿ ಅಳೆದರು. ಅದು 1973ರಲ್ಲಿ ಬಂತು. ಇವತ್ತು ಇವೆಲ್ಲ ಸಾಫ್ಟ್‌ವೇರ್‌ನಲ್ಲಿವೆ. ಅದೇ ಬಾವಿಗೆ ಒಂದೊಂದು ಸೂತ್ರ ಒಂದೊಂದು ಉತ್ತರ ಕೊಡುತ್ತೆ. ಅವರು ಅಳೆದ ಕೊಳವೆ ನಿಮ್ಮ ಬಾವಿಯಲ್ಲ, ಅಷ್ಟೇ.

ನಮ್ಮ ಬಾವಿಗೆ ಕೊನೆಗೆ ಗ್ಯಾಸ್ ಲಿಫ್ಟ್ ಹಾಕಿದರು. ಹೊರಗಿಂದ ಗ್ಯಾಸ್ ಒತ್ತಿ ಕಂಬವನ್ನು ಹಗುರ ಮಾಡುವ ಉಪಾಯ. ಮುಂಬೈ ಹೈನ ಬಾವಿಗಳಲ್ಲೂ ಇದು ಬಳಕೆಯಲ್ಲಿದೆ. ಎಣ್ಣೆ ಮತ್ತೆ ಬಂತು. ಖರ್ಚು ಮಾತ್ರ ಬೇಡವಾಗಿತ್ತು. ನನ್ನ ಹಿರಿಯರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಹಳೇ ಕೊಳವೆ ಇದ್ದಾಗ ಅಳೆದ ಒತ್ತಡ ಫೈಲ್‌ನಲ್ಲೇ ಇತ್ತಲ್ಲಪ್ಪಾ, ನಿನ್ನ ಸೂತ್ರ ಅದಕ್ಕೆ ತಾಳೆಯಾಗುತ್ತಾ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಅರ್ಧ ದಿನದ ಕೆಲಸ ಅದು. ಆವತ್ತಿನಿಂದ ಹೊಸ ಲೆಕ್ಕ ಶುರು ಮಾಡೋ ಮೊದಲು ಹಳೇ ಫೈಲ್ ತೆಗೀತೀನಿ.