ಇದ್ದಿಲೂ ವಿಮಾನವೂ

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಇದ್ದಿಲು ಹಾಕುವ ಇಸ್ತ್ರಿಪೆಟ್ಟಿಗೆ ಇನ್ನೂ ಅಲ್ಲಲ್ಲಿ ಕಾಣಸಿಗುತ್ತದೆ. ಇಸ್ತ್ರಿ ಕಾಕಾನ ಹತ್ತಿರ ಬಟ್ಟೆ ಕೊಡಲು ಹೋದಾಗ ಆ ಪೆಟ್ಟಿಗೆಯ ಬದಿಯ ತೂತುಗಳನ್ನು ನೋಡಿರಿ. ಗಾಳಿ ಒಳಹೋಗುವ ದಾರಿ ಅದು. ಒಳಗೆ ಕೆಂಡ ನಿಗಿನಿಗಿ ಅನ್ನುತ್ತಿರುತ್ತದೆ, ಆದರೆ ಕಟ್ಟಿಗೆ ಒಲೆಯಂತೆ ಜ್ವಾಲೆ ಏಳುವುದಿಲ್ಲ. ಏಕೆ?

ಕಟ್ಟಿಗೆ ಕಾದಾಗ ಅದರಿಂದ ಅನಿಲಗಳು ಹೊರಬರುತ್ತವೆ. ಆ ಅನಿಲ ಉರಿಯುವುದನ್ನೇ ನಾವು ಜ್ವಾಲೆ ಎನ್ನುತ್ತೇವೆ. ಇದ್ದಿಲು ಮಾಡುವವರು ಕಟ್ಟಿಗೆ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಸುಡುತ್ತಾರೆ. ಗಾಳಿ ಸಾಲದ್ದರಿಂದ ಕಟ್ಟಿಗೆ ಬೂದಿಯಾಗುವುದಿಲ್ಲ. ನೀರೂ ಅನಿಲಗಳೂ ಹೊರಟುಹೋಗಿ ಬಹುಪಾಲು ಇಂಗಾಲ ಉಳಿಯುತ್ತದೆ. ಅದಕ್ಕೇ ಇದ್ದಿಲಿನಿಂದ ಜ್ವಾಲೆ ಏಳುವುದಿಲ್ಲ.

ಮಕ್ಕಳೇ, ವಿಮಾನಕ್ಕೆ ಬೇಕಾದ ಕಾರ್ಬನ್ ಫೈಬರ್, ಅಂದರೆ ಇಂಗಾಲದ ನೂಲು, ಹುಟ್ಟುವುದೂ ಇದೇ ಉಪಾಯದಿಂದ! ಸ್ವೆಟರಿನ ಅಕ್ರಿಲಿಕ್ ನೂಲಿನ ಜಾತಿಯದೇ ಒಂದು ಎಳೆಯನ್ನು ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲೇ ಹದಮಾಡುತ್ತಾರೆ. ಆಮೇಲೆ ಆಮ್ಲಜನಕ ಸುಳಿಯದಂತೆ ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಕೊನೆಗೆ ಉಳಿಯುವ ಕಪ್ಪು ಎಳೆಯ ದಪ್ಪ 5ರಿಂದ 7 ಮೈಕ್ರಾನ್ ಮಾತ್ರ. ನಿಮ್ಮ ತಲೆಗೂದಲು ಅದರ ಹತ್ತು ಪಟ್ಟು ದಪ್ಪ ಇದ್ದೀತು. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದ ವಿಜ್ಞಾನಿಗಳು ಈ ವಿದ್ಯೆಯನ್ನು ನಮ್ಮಲ್ಲೇ ಬೆಳೆಸಿದರು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಥ ನೂಲು ಸೇರಿಸಿ ಮಾಡಿದ ಹಗುರ ವಸ್ತು. ನನಗಂತೂ ಇದು ಬಹಳ ಹೆಮ್ಮೆಯ ಸಂಗತಿ.

ಇದ್ದಿಲು ಉರಿಯುತ್ತದೆ ಅಂದಮೇಲೆ ಈ ನೂಲೂ ಉರಿಯಬೇಕಲ್ಲ? ಇದ್ದಿಲಿನ ಮೈತುಂಬ ಸಣ್ಣ ಸಣ್ಣ ರಂಧ್ರಗಳು, ಆಮ್ಲಜನಕ ಸಲೀಸಾಗಿ ನುಗ್ಗುತ್ತದೆ. ನೂಲಿನಲ್ಲಿ ಇಂಗಾಲದ ಕಣಗಳು ಪದರಪದರವಾಗಿ ಒತ್ತಾಗಿ ಕುಳಿತಿರುತ್ತವೆ. ಅದಕ್ಕೇ ಗಾಳಿಯಲ್ಲಿ ಸುಮಾರು 400-500 ಡಿಗ್ರಿ ದಾಟಿದ ಮೇಲಷ್ಟೇ ಅದು ನಿಧಾನವಾಗಿ ಸವೆಯತೊಡಗುತ್ತದೆ. ಗಾಳಿಯೇ ಇಲ್ಲದ ಕಡೆ 2,000 ಡಿಗ್ರಿಗೂ ಜಗ್ಗುವುದಿಲ್ಲ. 1879ರಲ್ಲಿ ಎಡಿಸನ್ ತನ್ನ ಬಲ್ಬಿನೊಳಗೆ ಇಂಗಾಲವಾಗಿಸಿದ ಹತ್ತಿದಾರ ಇಟ್ಟು, ಗಾಳಿಯನ್ನೆಲ್ಲ ಹೊರತೆಗೆದದ್ದು ಈ ಕಾರಣಕ್ಕೇ.

ಆದರೂ ಕಾರ್ಬನ್ ಫೈಬರಿನ ಸೈಕಲ್ಲಿಗೋ ವಿಮಾನಕ್ಕೋ ಬೆಂಕಿ ತಗಲಬಹುದು. ಆಗ ಮೊದಲು ಹೊತ್ತಿಕೊಳ್ಳುವುದು ನೂಲಲ್ಲ, ನೂಲನ್ನು ಹಿಡಿದಿಡುವ ಅಂಟು. ಹೊಗೆಯೂ ಜ್ವಾಲೆಯೂ ಅದರವೇ. ಸುಟ್ಟ ಮೇಲೆ ಉಳಿದ ನೂಲಿನ ಪುಡಿ ಉಸಿರಿನಲ್ಲಿ ಹೋಗಬಾರದು.

ಮತ್ತೆ ಇದ್ದಿಲಿಗೇ ಬರೋಣ. ಗಾಳಿ ಸಾಲದೆ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದ ರಾತ್ರಿ ಯಾರಾದರೂ ಕೋಣೆಯೊಳಗೆ ಇದ್ದಿಲ ಶೇಗಡಿ ಇಟ್ಟು ಬಾಗಿಲು ಹಾಕಿ ಮಲಗಲು ಹೊರಟರೆ ತಡೆಯಿರಿ. ಕಿಟಕಿ ತೆರೆದರೆ ಸಾಕೆನ್ನಬೇಡಿ, ಶೇಗಡಿಯನ್ನು ಹೊರಗೇ ಇಡಿಸಿರಿ.