ಬತ್ತಿ ಆರಿದ ಮೇಲೆ ನೀರೇಕೆ ಏರಿತು?



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಮನೆಯಲ್ಲಿ ವಿಜ್ಞಾನ: ವಿಡಿಯೊ ಪಾಠಗಳ ಪಾತ್ರ’ ಎಂದು ಅಚ್ಚಾಗಿದೆ. ಅಷ್ಟು ಅಗಲದ ವಿಷಯ ನನಗೆ ನಿಲುಕುವುದಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿ ಒಂದು ತಕರಾರಿದೆ, ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ನಾವೆಲ್ಲ ಶಾಲೆಯಲ್ಲಿ ಕಂಡದ್ದೇ. ಈಗ ಯೂಟ್ಯೂಬಿನಲ್ಲಿ ಇದರ ವಿಡಿಯೊ ರಾಶಿ ಬಿದ್ದಿವೆ, ಬಹಳಷ್ಟರಲ್ಲಿ ವಿವರಣೆಯೂ ಒಂದೇ: ಉರಿಯುವಾಗ ಆಮ್ಲಜನಕ ಖರ್ಚಾಯಿತು, ತೆರವಾದ ಜಾಗಕ್ಕೆ ನೀರು ಬಂತು. ಗಾಳಿಯಲ್ಲಿ ಆಮ್ಲಜನಕ ಶೇಕಡ 21 ತಾನೇ? ನೋಡಿ, ನೀರೂ ಐದರಲ್ಲೊಂದು ಪಾಲು ಏರಿದೆ! ಕೇಳಲಿಕ್ಕೆ ಬಲು ಚೆಂದ. ಆದರೆ ತಪ್ಪು.

ತಪ್ಪು ಎನ್ನಲು ಪ್ರಯೋಗಶಾಲೆ ಬೇಡ, ಅದೇ ವಿಡಿಯೊವನ್ನು ನಿಧಾನ ಮಾಡಿ ನೋಡಿದರೆ ಸಾಕು. ಜ್ವಾಲೆ ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬತ್ತಿ ಆರಲು ಶುರುವಾದ ಮೇಲೆ ಸರ್ರನೆ ಏರುತ್ತದೆ. ಆಮ್ಲಜನಕ ಸವೆದದ್ದೇ ಕಾರಣವಾಗಿದ್ದರೆ ಉರಿದಷ್ಟು ಹೊತ್ತೂ ಮೆಲ್ಲಗೆ ಏರುತ್ತ ಬರಬೇಕಿತ್ತಲ್ಲ? ಲೋಟ ಮುಚ್ಚಿದ ಕೂಡಲೇ ಅದರ ಅಂಚಿನಿಂದ ಕೆಲವೊಮ್ಮೆ ಗುಳ್ಳೆ ಹೊರಡುತ್ತವೆ, ಅವನ್ನೂ ಗಮನಿಸಿ. ಕಾದು ಹಿಗ್ಗಿದ ಗಾಳಿ ಹೊರಗೆ ಹೋಗುತ್ತಿದೆ. ಬತ್ತಿ ಆರಿದಾಗ ಉಳಿದ ಗಾಳಿ ತಣಿದು ಕುಗ್ಗುತ್ತದೆ, ನೀರಾವಿ ಹನಿಯಾಗುತ್ತದೆ, ಹೊರಗಿನ ಗಾಳಿಯ ಒತ್ತಡ ತಟ್ಟೆಯ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕವೂ ಪೂರ್ತಿ ಮುಗಿದಿರುವುದಿಲ್ಲ. ಶೇಕಡ 16ರ ಆಸುಪಾಸಿಗೆ ಇಳಿಯುವಷ್ಟರಲ್ಲೇ ಜ್ವಾಲೆ ಸೋಲುತ್ತದೆ. ಖರ್ಚಾದ ಪಾಲಿನ ಬಹುಭಾಗವನ್ನು ಹೊಸದಾಗಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ತುಂಬಿಬಿಡುತ್ತದೆ. ಆಮ್ಲಜನಕದಿಂದ ಗಾತ್ರ ಕುಗ್ಗುವುದೇ ಇಲ್ಲವೆಂದಲ್ಲ, ಕುಗ್ಗುವುದು ಸ್ವಲ್ಪ.

ಈ ಪ್ರಯೋಗ ಕ್ರಿಸ್ತಪೂರ್ವದ ಬೈಜಾಂಟಿಯಮ್ಮಿನ ಫಿಲೊ ಬರೆದಿಟ್ಟಷ್ಟು ಹಳೆಯದು. 1860ರ ಕ್ರಿಸ್‌ಮಸ್ ರಜೆಯಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ಮಕ್ಕಳಿಗೆ ಒಂದು ಮೇಣದಬತ್ತಿ ಹಿಡಿದು ಆರು ಉಪನ್ಯಾಸ ಕೊಟ್ಟ. ಪರದೆಯ ಪಾಠ ನಮ್ಮ ನಾಡಿಗೂ ಹೊಸದೇನಲ್ಲ. 1975–76ರಲ್ಲಿ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿವಿ ಹೋದಾಗ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಮಕ್ಕಳೂ ಅದರ ಮುಂದೆ ಕೂತಿದ್ದರು. ಇತಿಹಾಸ ಇಷ್ಟು ಸಾಕು.

ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೆನಪಾಗುತ್ತಾರೆ. ಕಚ್ಚೆಪಂಚೆ, ಕರಿಕೋಟು, ಜೇಬಿನಲ್ಲಿ ಸದಾ ಬೆಂಕಿಪೊಟ್ಟಣ. (ಬೀಡಿಗೋ ವಿಜ್ಞಾನಕ್ಕೋ, ಕೇಳುವ ಧೈರ್ಯ ನಮಗಿರಲಿಲ್ಲ.) ಪುಸ್ತಕದಲ್ಲಿದ್ದ ಆಮ್ಲಜನಕದ ವಿವರಣೆಯನ್ನು ಅಕ್ಷರಶಃ ಬರೆಸಿದರು. ಬರೆದು ಮುಗಿದ ಮೇಲೆ ಒಂದರ ಬದಲು ಮೂರು ಬತ್ತಿ ಹಚ್ಚಿದರು. ಲೋಟ ಅದೇ, ಗಾಳಿಯೂ ಅಷ್ಟೇ. ಆದರೆ ಮುಚ್ಚುವ ಮುಂಚೆ, “ನೀರು ಅಷ್ಟೇ ಏರುತ್ತೋ ಹೆಚ್ಚು ಏರುತ್ತೋ? ಕೈ ಎತ್ರೋ” ಅಂದರು. ಅಷ್ಟೇ ಎನ್ನುವವರ ಹೆಸರು ಹಲಗೆಯ ಎಡಕ್ಕೆ, ಹೆಚ್ಚು ಎನ್ನುವವರದು ಬಲಕ್ಕೆ. ಲೋಟ ಮುಚ್ಚಿದರು. ನೀರು ಹೆಚ್ಚೇ ಏರಿತು. ಎಡಗಡೆಯ ಜಾಣರ ಮುಖ ಸಪ್ಪಗಾಯಿತು. ಮೇಷ್ಟ್ರು ಡಸ್ಟರ್ ಮುಟ್ಟಲಿಲ್ಲ. “ಪರೀಕ್ಷೆಗೆ ನಾನು ಬರೆಸಿದ್ದೇ ಬರೀರಿ. ಮನೆಗೆ ಹೋಗಿ ಇದನ್ನ ಯೋಚನೆ ಮಾಡ್ರಿ” ಎಂದು ಹೊರಟುಹೋದರು.

ಅವರು ಮಾಡಿದ್ದರ ಬೆಲೆ ನನಗೆ ತಿಳಿದದ್ದು ಡೆರೆಕ್ ಮುಲ್ಲರ್ ಅವರ ಸಂಶೋಧನೆ ಓದಿದಾಗ. ವೆರಿಟಾಸಿಯಮ್ ಎಂಬ ಜನಪ್ರಿಯ ಚಾನೆಲ್ಲಿನವರು. ಅದನ್ನು 2011ರಲ್ಲಿ ತೆರೆಯುವುದಕ್ಕೆ ಮುಂಚೆಯೇ, 2008ರಲ್ಲಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ವಿಡಿಯೊದಿಂದ ಭೌತವಿಜ್ಞಾನ ಕಲಿಸುವುದರ ಬಗ್ಗೆಯೇ ಪಿಎಚ್.ಡಿ. ಮುಗಿಸಿದ್ದರು. ಅಚ್ಚುಕಟ್ಟಾದ ವಿವರಣೆಯ ವಿಡಿಯೊ ನೋಡಿದ ವಿದ್ಯಾರ್ಥಿಗಳು ‘ಸ್ಪಷ್ಟವಾಗಿದೆ, ಸುಲಭವಾಗಿದೆ’ ಎಂದು ಹೊಗಳಿದರು, ಅವರ ಅಂಕ ಮಾತ್ರ ಹೆಚ್ಚುಕಡಿಮೆ ಮೊದಲಿದ್ದಷ್ಟೇ. ಜನ ಸಾಮಾನ್ಯವಾಗಿ ಮಾಡುವ ತಪ್ಪು ತರ್ಕವನ್ನು ಮೊದಲು ಆಡಿಸಿ, ಆಮೇಲೆ ಅದನ್ನು ಒಡೆದು ತೋರಿಸಿದ ವಿಡಿಯೊ ನೋಡಿದವರು ‘ಗೊಂದಲವಾಯಿತು’ ಎಂದರು, ಆದರೆ ಕಲಿತವರು ಅವರೇ. ಸ್ಪಷ್ಟ ವಿಡಿಯೊ ನೋಡುವಾಗ ತಲೆ ತನಗೆ ಮೊದಲೇ ಗೊತ್ತೆಂದುಕೊಂಡು ಹಳೆಯ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಹಾಗಾಗಿ ನನ್ನ ಜಗಳ ವಿಡಿಯೊದ ಮೇಲಲ್ಲ, ಅದರ ನುಣುಪಿನ ಮೇಲೆ. ಮಗು ಊಹಿಸುವ ಮೊದಲೇ ಸಂಗೀತ ಹಾಕಿ ಉತ್ತರ ಬಡಿಸಿಬಿಡುತ್ತಾರೆ. ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆ ಮಾಡುವ ಪುಟ್ಟ ಚಿತ್ರಗಳನ್ನು ನಾನು ಬೇರೆ ಸಾಲಿನಲ್ಲಿ ಇಡುತ್ತೇನೆ. ಅವನ್ನು ನೋಡಿದ ಮಗು ಕತ್ತರಿ ಹುಡುಕಿಕೊಂಡು ಏಳುತ್ತದೆ.

ಆದರೂ ನನ್ನ ವಾದ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ. ಮೇಷ್ಟ್ರ ತರಗತಿಯಲ್ಲಿ ಗೊಂದಲವಾದರೆ ಮರುದಿನ ಮತ್ತೆ ಅದೇ ಮೇಷ್ಟ್ರು ಸಿಗುತ್ತಿದ್ದರು. ಮನೆಯಲ್ಲಿ ಒಬ್ಬಂಟಿ ಕೂತ ಮಗು ಗೊಂದಲವಾದ ಕೂಡಲೇ ಬೆರಳಾಡಿಸಿ ಮುಂದಿನ ವಿಡಿಯೊಗೆ ಹೋಗುವುದಿಲ್ಲವೇ? ಹೊಲದ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವ ಅಮ್ಮನಿಗೆ ‘ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಮ್ಮ’ ಎನ್ನಲು ನಾನ್ಯಾರು? ಅರ್ಧ ತಪ್ಪಿದ್ದರೂ ಕಣ್ಣರಳಿಸುವ ಆ ವಿಡಿಯೊ ಇಲ್ಲದೆ ಹೋದರೆ, ಆ ಮಗುವಿಗೆ ಬೇರೆ ಯಾವ ವಿಜ್ಞಾನ ಸಿಗುತ್ತಿತ್ತು? ಉತ್ತರ ನನ್ನ ಹತ್ತಿರ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಈಗಲೇ ಹೇಳಿ.

ಕೊನೆಗೆ ಒಂದು ಬೇಡಿಕೆ. ಕನ್ನಡದಲ್ಲಿ ಇಂಥ ವಿಡಿಯೊ ಮಾಡುವ ಯುವಕ ಯುವತಿಯರು ಈ ಸಭೆಯಲ್ಲಿದ್ದೀರಿ. ಉತ್ತರ ಹೇಳುವುದಕ್ಕೆ ಮುಂಚೆ ಮಕ್ಕಳ ತಪ್ಪು ಊಹೆಯನ್ನೂ ಪರದೆಯ ಮೇಲೆ ತನ್ನಿ, ಅವರು ತಮ್ಮದನ್ನು ಹೇಳುವಷ್ಟು ಹೊತ್ತು ಸುಮ್ಮನಿರಿ. ವೀಕ್ಷಕರು ಒಂದಿಷ್ಟು ಕಡಿಮೆಯಾದರೆ ಆಗಲಿ.