ಗುಡ್ಡದ ಲೆಕ್ಕ ಬಲ್ಲ ನೌಕರ

(ಹುಳಿಯಾರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಒಂದು ಗುಡ್ಡ ಕರಗುತ್ತಿರುವುದನ್ನು ಮೊದಲು ಕಾಣುವವರು ಯಾರು? ದನ ಕುರಿ ಮೇಯಿಸುವವರು ಕಾಣುತ್ತಾರೆ. ತೋಟದ ತೆಂಗಿನ ಗರಿಗಳ ಮೇಲೆ ಕೆಂಪು ಧೂಳು ಕುಳಿತು ಎಲೆಗೆ ಬಿಸಿಲು ತಾಕದಂತಾದುದನ್ನು ರೈತರು ಕಾಣುತ್ತಾರೆ. ಕೆರೆಯ ಅಂಗಳದಲ್ಲಿ ಹೂಳಿನ ಬಣ್ಣ ಬದಲಾದುದನ್ನು ನೀರಗಂಟಿ ಕಾಣುತ್ತಾನೆ. ಆದರೆ ಎಷ್ಟು ಕರಗಿತು, ಯಾರ ಹೆಸರಿನಲ್ಲಿ ಕರಗಿತು, ಯಾವ ರಹದಾರಿಯ ಮೇಲೆ ಎಷ್ಟು ಲಾರಿ ಹೊರಟವು ಎಂಬ ಲೆಕ್ಕವನ್ನು ಇವರಾರೂ ಅರಿಯರು. ಅದನ್ನು ಬಲ್ಲವರು ತೂಕದ ಸೇತುವೆಯ ಬಳಿ ಚೀಟಿ ಬರೆಯುವವನು, ಪರವಾನಗಿ ಪುಸ್ತಕ ಇಡುವ ಗುಮಾಸ್ತ, ತಪಾಸಣಾ ಗೇಟಿನಲ್ಲಿ ರಾತ್ರಿ ಕಾಯುವ ಅರಣ್ಯ ರಕ್ಷಕ. ಮೂವರೂ ಸಂಬಳ ಪಡೆಯುವ ನೌಕರರು. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿಗಾಗಿ ನಡೆದ ಅಗೆತವನ್ನು ಕಂಡಿರುವ ಈ ಸೀಮೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ನೌಕರನೊಬ್ಬ ತಾನು ಕಂಡದ್ದನ್ನು ಮೇಲಿನವರಿಗೆ ಬರೆದು ತಿಳಿಸಿದರೆ ಅವನಿಗೆ ಏನಾಗುತ್ತದೆ, ಕಾನೂನು ಅವನನ್ನು ಎಷ್ಟರಮಟ್ಟಿಗೆ ಕಾಯುತ್ತದೆ, ಕಾಯದಿದ್ದಲ್ಲಿ ಊರು ಏನು ಮಾಡಬಲ್ಲುದು ಎಂಬುದು ಇಂದಿನ ವಿಷಯ.

ಮೊದಲಿಗೆ ಒಂದು ಮಾತಿನ ತೊಡಕು. ಇಂಗ್ಲಿಷಿನಲ್ಲಿ ಇಂಥವರನ್ನು ವಿಷಲ್ ಬ್ಲೋವರ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಪದವಿಲ್ಲ. ಊರಿನ ಬಾಯಲ್ಲಿರುವ ಪದ ಬೇರೆಯೇ: ಚಾಡಿಕೋರ. ಅನ್ನ ಕೊಟ್ಟವರ ಮೇಲೆ ಚಾಡಿ ಹೇಳಿದ ಎಂಬ ಒಂದೇ ಮಾತಿನಿಂದ ಪ್ರಾಮಾಣಿಕನೊಬ್ಬನನ್ನು ಬೀದಿಯಲ್ಲಿ ಒಂಟಿಯಾಗಿ ನಿಲ್ಲಿಸಿಬಿಡಬಹುದು. ಆದರೆ ಚಾಡಿಗೂ ಇದಕ್ಕೂ ವ್ಯತ್ಯಾಸ ಸ್ಪಷ್ಟವಾಗಿದೆ. ಚಾಡಿ ಹೇಳುವವನು ತನ್ನ ಲಾಭಕ್ಕಾಗಿ, ಕಿವಿಯಲ್ಲಿ, ಆಧಾರವಿಲ್ಲದೆ ಹೇಳುತ್ತಾನೆ. ಅಕ್ರಮವನ್ನು ವರದಿ ಮಾಡುವವನು ದಾಖಲೆ ಇಟ್ಟು, ಹೆಸರು ಬರೆದು, ಕೇಳಲು ಅಧಿಕಾರವಿರುವವರ ಮುಂದೆ ಹೇಳುತ್ತಾನೆ. ಬಹುತೇಕ ನಷ್ಟವನ್ನೇ ಅನುಭವಿಸುತ್ತಾನೆ. ಅಲ್ಲದೆ, ಸರ್ಕಾರಿ ನೌಕರನಿಗೆ ಅನ್ನ ಕೊಡುವುದು ಮೇಲಧಿಕಾರಿಯಲ್ಲ, ಖಜಾನೆ.

ಕರ್ನಾಟಕದ ಗಣಿ ಅಕ್ರಮದ ಕಥೆಯಲ್ಲಿ ನೌಕರರ ಪಾತ್ರವನ್ನು ಜನ ಬೇಗ ಮರೆತರು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ಎಲ್ಲರ ನೆನಪಿನಲ್ಲಿವೆ. ಆ ವರದಿಗಳ ಹಿಂದೆ ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್ ಮತ್ತು ಅವರ ತಂಡದ ದುಡಿಮೆಯಿತ್ತು. 2010ರ ಮಾರ್ಚಿನಲ್ಲಿ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಆರ್. ಗೋಕುಲ್ ಅವರು ಬೇಲೆಕೇರಿ ಬಂದರಿನಲ್ಲಿ ಸುಮಾರು 5 ಲಕ್ಷ ಟನ್ ಕಬ್ಬಿಣದ ಅದಿರನ್ನು ಮುಟ್ಟುಗೋಲು ಹಾಕಿಕೊಂಡರು. ಕೆಲವೇ ವಾರಗಳಲ್ಲಿ ಆ ರಾಶಿಯ ಬಹುಪಾಲು ಹಡಗೇರಿ ಕಾಣೆಯಾಯಿತು. ಆಗ ಅಮಾನತಿನ ಆದೇಶ ಬಂದದ್ದು ಅದಿರನ್ನು ಹಿಡಿದ ಅಧಿಕಾರಿಯ ಮೇಲೆ! ಅದನ್ನು ಪ್ರತಿಭಟಿಸಿ ಲೋಕಾಯುಕ್ತರೇ 2010ರ ಜೂನ್ 23ರಂದು ರಾಜೀನಾಮೆ ನೀಡಿದರು. ಜುಲೈ ಮೊದಲ ವಾರದಲ್ಲಿ ಮನವೊಲಿಕೆಯ ನಂತರ ಹಿಂತೆಗೆದುಕೊಂಡರು. ಒಬ್ಬ ಅಧಿಕಾರಿಗೆ ಬೆಂಬಲವಾಗಿ ಅಷ್ಟು ದೊಡ್ಡ ಸ್ಥಾನದಲ್ಲಿದ್ದವರು ಕುರ್ಚಿ ಬಿಡಲು ಸಿದ್ಧರಾದ ಉದಾಹರಣೆ ಈ ರಾಜ್ಯದಲ್ಲಿ ವಿರಳ. ಬೇಲೆಕೇರಿ ಪ್ರಕರಣದಲ್ಲಿ ಶಾಸಕರೊಬ್ಬರೂ ಸೇರಿದಂತೆ ಆರೋಪಿಗಳಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಉಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಮಾನತಿನ ಆದೇಶಕ್ಕೆ ಮೂರು ತಿಂಗಳು ಸಾಕಾಗಿತ್ತು, ತೀರ್ಪಿಗೆ ಹದಿನಾಲ್ಕು ವರ್ಷ ಬೇಕಾಯಿತು.

ತುಮಕೂರು ಜಿಲ್ಲೆಗೆ ಈ ಹೋರಾಟದ ಫಲ ನೇರವಾಗಿ ತಲುಪಿದೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಆಗಸ್ಟಿನಲ್ಲಿ ಆ ತಡೆಯನ್ನು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಹೆಚ್ಚು ಅಕ್ರಮ ಕಂಡುಬಂದ ಗುತ್ತಿಗೆಗಳನ್ನು ರದ್ದುಪಡಿಸಿತು. ಆ ಪ್ರಕರಣದ ಬೆನ್ನೆಲುಬು ಅಳತೆ, ನಕ್ಷೆ, ರಹದಾರಿ, ತೂಕದ ಚೀಟಿ; ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬರು ಸರಿಯಾಗಿ ಬರೆದು, ಹರಿಯದೆ ಉಳಿಸಿದ ಕಾಗದಗಳು.

ಮಾತನಾಡಿದವರು ಎಲ್ಲರೂ ಬದುಕುಳಿಯಲಿಲ್ಲ. ಬಿಹಾರದಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮವನ್ನು ಪ್ರಧಾನಮಂತ್ರಿಗಳ ಕಾರ್ಯಾಲಯಕ್ಕೆ ಬರೆದು, ಹೆಸರು ಗುಟ್ಟಾಗಿಡಿರೆಂದು ಬೇಡಿಕೊಂಡಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆಯವರ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಎರಡು ವರ್ಷಗಳ ನಂತರ, 2005ರ ನವೆಂಬರ್ 19ರಂದು, ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದರು. ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟಾಧಿಕಾರಿಯಾಗಿ ಕಲಬೆರಕೆ ಇಂಧನದ ಬಂಕಿನ ಮೇಲೆ ಕ್ರಮ ಕೈಗೊಂಡದ್ದೇ ಅವರ ಅಪರಾಧ. ವಯಸ್ಸು 27. ಅವರು ಓದಿದ್ದ ಲಖನೌ ಐಐಎಂನ ಬಳಗದವರು ಮುಂದೆ ನಿಂತು ಟ್ರಸ್ಟ್ ಒಂದನ್ನು ಕಟ್ಟಿ ಪ್ರಕರಣದ ಬೆನ್ನು ಬಿಡಲಿಲ್ಲ. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು.

ಬೆಂಗಳೂರಿನಲ್ಲೇ 2012ರ ಮೇ ತಿಂಗಳಲ್ಲಿ ಸಹಕಾರ ಲೆಕ್ಕಪರಿಶೋಧನಾ ಇಲಾಖೆಯ ಉಪ ನಿರ್ದೇಶಕ ಎಸ್.ಪಿ. ಮಹಾಂತೇಶ್ ರಾತ್ರಿ ವೇಳೆ ರಸ್ತೆಯಲ್ಲಿ ಹಲ್ಲೆಗೊಳಗಾಗಿ ಕೆಲವು ದಿನಗಳಲ್ಲಿ ತೀರಿಕೊಂಡರು. ಗೃಹನಿರ್ಮಾಣ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ಅವರು ಬೆಳಕಿಗೆ ತಂದಿದ್ದರು. ಸಹಕಾರ ಸಂಘವೆಂದರೆ ತೆಂಗಿನ ಸೀಮೆಗೆ ದೂರದ ವಸ್ತುವಲ್ಲ. ಸಾಲ, ಗೊಬ್ಬರ, ಬೆಂಬಲ ಬೆಲೆಯ ಕೊಬ್ಬರಿ ಎಲ್ಲಕ್ಕೂ ಅದರ ಬಾಗಿಲೇ ಗತಿ. 2024ರಲ್ಲಿ ಉಂಡೆ ಕೊಬ್ಬರಿ ಖರೀದಿಗೆಂದು ನಡೆಸಿದ ರೈತರ ನೋಂದಣಿಯನ್ನು ಅಕ್ರಮದ ದೂರುಗಳ ಕಾರಣ ರದ್ದುಮಾಡಿ ಮತ್ತೊಮ್ಮೆ ನಡೆಸಬೇಕಾಗಿ ಬಂದುದನ್ನು ಸಾಲಿನಲ್ಲಿ ನಿಂತವರು ಮರೆತಿರಲಾರರು.

ಇನ್ನು ಕಾನೂನಿನ ಮಾತು. ಕಾನೂನು ಆಯೋಗವು 2001ರ ತನ್ನ 179ನೆಯ ವರದಿಯಲ್ಲೇ ಇಂಥವರ ರಕ್ಷಣೆಗೆ ಶಾಸನ ಬೇಕೆಂದು ಶಿಫಾರಸು ಮಾಡಿತ್ತು. ದುಬೆಯವರ ಕೊಲೆಯ ನಂತರ, ಸರ್ವೋಚ್ಚ ನ್ಯಾಯಾಲಯದ ಒತ್ತಾಯದ ಮೇರೆಗೆ, 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಅದರಂತೆ ದೂರನ್ನು ಮುಚ್ಚಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಕಳುಹಿಸಬೇಕು. ಇದು ಸಾರ್ವಜನಿಕ ಹಿತದ ಬಹಿರಂಗಪಡಿಸುವಿಕೆಯ ನಿರ್ಣಯದಡಿಯ ದೂರು ಎಂದು ಲಕೋಟೆಯ ಮೇಲೆ ಬರೆಯಬೇಕು. ದೂರುದಾರನ ಹೆಸರು ವಿಳಾಸ ಒಳಗಿನ ಪತ್ರದಲ್ಲಿ ಮಾತ್ರ ಇರಬೇಕು, ಹೊರಗೆ ಇರಕೂಡದು. ಹೆಸರಿಲ್ಲದ ಅರ್ಜಿಯನ್ನು ಪರಿಗಣಿಸುವುದಿಲ್ಲ. ಆದರೆ ಈ ಬಾಗಿಲು ಕೇಂದ್ರ ಸರ್ಕಾರ, ಅದರ ಉದ್ದಿಮೆಗಳು, ರಾಷ್ಟ್ರೀಕೃತ ಬ್ಯಾಂಕು ಮೊದಲಾದವುಗಳಿಗೆ ಸಂಬಂಧಿಸಿದ ದೂರುಗಳಿಗೆ ಮಾತ್ರ. ರಾಜ್ಯದ ಅರಣ್ಯ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಇದು ತಗಲುವುದಿಲ್ಲ.

ಎಲ್ಲರನ್ನೂ ಒಳಗೊಳ್ಳುವ ಶಾಸನವನ್ನು ಸಂಸತ್ತು ರೂಪಿಸಿತು. ಲೋಕಸಭೆ 2011ರ ಡಿಸೆಂಬರಿನಲ್ಲಿ, ರಾಜ್ಯಸಭೆ 2014ರ ಫೆಬ್ರವರಿಯಲ್ಲಿ ಅಂಗೀಕರಿಸಿ, ಅದೇ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಓದಿದರೆ ಒಳ್ಳೆಯ ಕಾಯ್ದೆ. ದೂರು ಕೊಟ್ಟವನ ಮೇಲೆ ಕ್ರಮವಾದರೆ ಅದು ಸೇಡಿನ ಕ್ರಮವಲ್ಲವೆಂದು ಸಾಬೀತುಪಡಿಸುವ ಹೊಣೆ ಇಲಾಖೆಯದು. ದೂರುದಾರನ ಗುರುತನ್ನು ಬಹಿರಂಗಪಡಿಸಿದವರಿಗೆ 3 ವರ್ಷಗಳವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ಸುಳ್ಳೆಂದು ತಿಳಿದೂ ದುರುದ್ದೇಶದಿಂದ ದೂರು ಕೊಟ್ಟವರಿಗೆ 2 ವರ್ಷಗಳವರೆಗೆ ಸೆರೆ. ಆದರೆ ಕಾಯ್ದೆ ಜಾರಿಗೆ ಬರುವ ದಿನಾಂಕವನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕು. ಆ ಅಧಿಸೂಚನೆ ಹೊರಬಂದಿಲ್ಲ. 2015ರಲ್ಲಿ ಕಾಯ್ದೆಯನ್ನು ಸಡಿಲಗೊಳಿಸುವ ತಿದ್ದುಪಡಿಯೊಂದನ್ನು ಲೋಕಸಭೆ ಒಪ್ಪಿತು, ಅದೂ 2019ರಲ್ಲಿ ಬಿದ್ದುಹೋಯಿತು. ನೆಟ್ಟ ಸಸಿಗೆ ಒಂದು ಬಿಂದಿಗೆ ನೀರನ್ನೂ ಹಾಕದೆ ತೋಟ ಮಾಡಿದ್ದೇವೆಂದು ಲೆಕ್ಕ ಬರೆದಂತೆ ಇದು.

ಈ ಕಾಯ್ದೆ ಜಾರಿಗೆ ಬಂದರೂ ಖಾಸಗಿ ಉದ್ಯೋಗಿಗೆ ಆಸರೆಯಿಲ್ಲ. ತಿಪಟೂರು, ತುರುವೇಕೆರೆ ಸೀಮೆಯ ತೆಂಗಿನಪುಡಿ ಕಾರ್ಖಾನೆಯ ಕೊಳೆನೀರು ರಾತ್ರಿ ಯಾವ ಹಳ್ಳಕ್ಕೆ ಹೋಗುತ್ತದೆಂಬುದನ್ನು, ಚಿಪ್ಪು ಸುಟ್ಟು ಇದ್ದಿಲು ಮಾಡುವ ಗೂಡುಗಳ ಹೊಗೆ ಯಾವ ಹೊತ್ತಿನಲ್ಲಿ ಏಳುತ್ತದೆಂಬುದನ್ನು ಅಲ್ಲಿನ ಕೂಲಿಯವರಷ್ಟು ಖಚಿತವಾಗಿ ಮಂಡಳಿಯ ಅಧಿಕಾರಿಗಳೂ ಹೇಳಲಾರರು. ಮಾತಾಡಿದ ಮರುದಿನ ಕೆಲಸವಿಲ್ಲ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಲ್ಲಿ ದೂರು ವ್ಯವಸ್ಥೆ ಇರಬೇಕೆನ್ನುತ್ತದೆ. ಹತ್ತು ಹದಿನೈದು ಜನರ ಗೂಡಿಗೆ ಅದರಿಂದ ಪ್ರಯೋಜನವೇನು? ಬ್ರಿಟನ್ನಿನ 1998ರ ಕಾನೂನು ಖಾಸಗಿ ನೌಕರರನ್ನೂ ಒಳಗೊಂಡಿದೆ. ಆ ಭಾಗವನ್ನು ಇಲ್ಲಿಯವರು ಎರವಲು ತರಲಿಲ್ಲ.

ಹಾಗಾದರೆ ಉಳಿದಿರುವುದೇನು? ರಾಜ್ಯದ ನೌಕರರಿಗೆ ಸಂಬಂಧಿಸಿದ ದೂರುಗಳಿಗೆ 1984ರ ಕಾಯ್ದೆಯ ಲೋಕಾಯುಕ್ತವಿದೆ; ಗೊತ್ತುಪಡಿಸಿದ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಬೇಕು. ಜೀವಕ್ಕೆ ಅಪಾಯವಿರುವ ಸಾಕ್ಷಿಗಳಿಗೆ 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಿದೆ. ಎಲ್ಲಕ್ಕಿಂತ ಹತ್ತಿರದ್ದು 2005ರ ಮಾಹಿತಿ ಹಕ್ಕು ಕಾಯ್ದೆ. ನೌಕರನೊಬ್ಬ ಇಲಾಖೆಯ ಕಡತವನ್ನು ಕದ್ದು ಹೊರಗೆ ಕೊಟ್ಟರೆ ನಡತೆ ನಿಯಮಗಳು ಅವನ ಕೊರಳಿಗೇ ಸುತ್ತಿಕೊಳ್ಳುತ್ತವೆ. ಅದೇ ಕಡತವನ್ನು ಊರಿನ ಹತ್ತು ಮಂದಿ ಪ್ರತ್ಯೇಕವಾಗಿ ಅರ್ಜಿ ಹಾಕಿ ಕೇಳಿದರೆ, ಮಾಹಿತಿ ಎಲ್ಲಿಂದ ಬಂತೆಂದು ಒಬ್ಬನತ್ತ ಬೆರಳು ತೋರಿಸಲಾಗದು. ಯಾವ ಕಡತವಿದೆ, ಯಾವ ವರ್ಷದ್ದು ಎಂಬಷ್ಟು ತಿಳಿದಿದ್ದರೆ ಸಾಕು. ಕಾಲೇಜಿನ ವಿದ್ಯಾರ್ಥಿಗಳು ಕಲಿಯಬೇಕಾದ ವಿದ್ಯೆ ಇದು: ಅರ್ಜಿ ಬರೆಯುವುದು, ಮೂವತ್ತು ದಿನ ಎಣಿಸುವುದು, ಮೇಲ್ಮನವಿ ಹಾಕುವುದು.

ಐಎಎಸ್ ಅಧಿಕಾರಿ ಎಂ.ಎನ್. ವಿಜಯಕುಮಾರ್ ಮೇಲಧಿಕಾರಿಗಳ ಭ್ರಷ್ಟಾಚಾರದ ಬಗ್ಗೆ ಬರೆದು ಮೇಲಿಂದ ಮೇಲೆ ವರ್ಗಾವಣೆಗೊಂಡಾಗ, ಅವರ ಪತ್ನಿ ಜೆ.ಎನ್. ಜಯಶ್ರೀಯವರು 2007ರಲ್ಲಿ ಆ ವಿವರಗಳನ್ನೆಲ್ಲ ಅಂತರ್ಜಾಲದಲ್ಲಿ ಪ್ರಕಟಿಸತೊಡಗಿದರು. ಎಲ್ಲರಿಗೂ ಗೊತ್ತಿರುವ ವ್ಯಕ್ತಿಯನ್ನು ಮುಟ್ಟುವುದು ಕಷ್ಟವೆಂಬುದು ಅವರ ಎಣಿಕೆ. ಊರುಗಳೂ ಹೀಗೆ ನಡೆದುಕೊಳ್ಳಬಹುದು. ಅರಣ್ಯ ರಕ್ಷಕನ ವರ್ಗಾವಣೆಯಾದ ವಾರವೇ ಗ್ರಾಮಸಭೆ ಕಾರಣ ಕೇಳಿ ನಡಾವಳಿಯಲ್ಲಿ ಬರೆಸಬಹುದು. ಅಮಾನತಾದವನ ಮನೆಗೆ ಒಂದು ಮೂಟೆ ರಾಗಿ ಹೋಗಬಹುದು. ವಕೀಲರ ಶುಲ್ಕಕ್ಕೆ ಒಂದು ಸಣ್ಣ ನಿಧಿ ಇರಬಹುದು. ವಿಚಾರಣೆಯ ದಿನ ನಾಲ್ಕು ಜನ ಜೊತೆಗೆ ತುಮಕೂರಿಗೆ ಬಸ್ಸು ಹತ್ತಬಹುದು.

ಇದಕ್ಕೆ ಅವಸರದ ಕಾರಣವೂ ಇದೆ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸ್ಥಾಪಿತವಾದ ರಾಜ್ಯ ನಿಗಮದ ಮೂಲಕ ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೀಮೆಗಳಿಗೆ ದೊಡ್ಡ ಮೊತ್ತದ ಹಣ ಮೀಸಲಾಗಿದೆ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿಗಳನ್ನೇ ನೇಮಿಸಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಳ್ಳಿಗಳಿಗೆ ರಸ್ತೆ, ಕುಡಿಯುವ ನೀರು, ಶಾಲೆ, ನೆಡುತೋಪು ಎಂದು ಕಾಮಗಾರಿಗಳು ಬರುವಾಗ, ಎಷ್ಟು ಗುಂಡಿ ತೋಡಿದರು, ಎಷ್ಟು ಸಸಿ ನೆಟ್ಟರು, ಅಳತೆ ಪುಸ್ತಕದಲ್ಲಿ ಎಷ್ಟು ಬರೆದರು ಎಂಬುದನ್ನು ಬಲ್ಲ ಕಿರಿಯ ಎಂಜಿನಿಯರು, ತೋಪಿನ ಕಾವಲುಗಾರ ಇದೇ ಹಳ್ಳಿಗಳಲ್ಲಿ ಬಾಡಿಗೆ ಮನೆ ಹಿಡಿದಿರುತ್ತಾರೆ. ಅವರ ಹೆಸರು ಗೊತ್ತಿರುವವರು ಈ ಸಭೆಯಲ್ಲೂ ಇದ್ದಾರೆ.